ಸಂಬಂಧಿಕರಿಲ್ಲದ ಪ್ರಾಜೆಕ್ಟ್

ಆ ವರ್ಷ ನಾನೊಂದು ನಿಯಮ ಮಾಡಿದೆ, ಅದೂ ಬಹಳ ಜಂಭದಿಂದ. ಸಂಬಂಧಿಕರ ಸಂಸ್ಥೆಯಲ್ಲಿ ಯಾರೂ ಪ್ರಾಜೆಕ್ಟ್ ಮಾಡುವಂತಿಲ್ಲ. ಮೂಡುಬಿದಿರೆಯ ನಮ್ಮ ಕಾಲೇಜಿನಲ್ಲಿ ಇಂಟರ್‌ನ್ಯಾಷನಲ್ ಬಿಸಿನೆಸ್ ಎಂಬಿಎ ವಿಭಾಗಕ್ಕೆ ನಾನು ಮುಖ್ಯಸ್ಥೆ. ಪ್ರತಿ ವರ್ಷ ಮಕ್ಕಳು ಮಾವನ ಗೋಡಂಬಿ ಫ್ಯಾಕ್ಟರಿಗೋ ಚಿಕ್ಕಪ್ಪನ ಹೋಟೆಲಿಗೋ ಹೋಗಿ, ಎರಡು ತಿಂಗಳು ಚೆನ್ನಾಗಿ ಉಂಡು, ರಫ್ತು ವಹಿವಾಟಿನ ಅಧ್ಯಯನವೆಂದು ದಪ್ಪ ವರದಿ ಒಪ್ಪಿಸುತ್ತಿದ್ದರು. ಹುಡುಗ ಬಹಳ ಚುರುಕು ಎಂದು ಮಾವನವರೇ ಸರ್ಟಿಫಿಕೇಟ್ ಕೊಡುತ್ತಿದ್ದರು. ನೋಡಿ ನೋಡಿ ನನಗೆ ರೇಗಿಹೋಗಿತ್ತು. ಲೋಕದ ಜತೆ ವ್ಯಾಪಾರ ಮಾಡಲು ಹೊರಟವರು ಮೊದಲು ಗುರುತಿಲ್ಲದ ಒಬ್ಬನ ಎದುರು ಕುಳಿತು ಮಾತಾಡಲು ಕಲಿಯಬೇಡವೇ?

ನಿಯಮ ಹೊರಬಿದ್ದ ವಾರದಲ್ಲೇ ಫರಂಗಿಪೇಟೆಯ ಫಾಯಿಝಾ ನನ್ನ ಕೋಣೆಗೆ ಬಂದಳು. ತರಗತಿಯಲ್ಲಿ ಅವಳದ್ದು ಮಾತು ಕಡಿಮೆ, ಕೇಳಿದರೆ ಮಾತ್ರ ಪ್ರಶ್ನೆ ಚೂಪು.

“ಮೇಡಂ, ಫರಂಗಿಪೇಟೆಯಿಂದ ಬಿ.ಸಿ. ರೋಡಿನವರೆಗೆ ನನಗೆ ಸಂಬಂಧ ಇಲ್ಲದ ಅಂಗಡಿ ಇಲ್ಲ. ಮೀನಿನ ಲಾರಿಯೂ ಮಾವಂದೇ, ಟ್ರಾವೆಲ್ಸೂ ಮಾವಂದೇ.”

“ಬೆಳ್ತಂಗಡಿ ಕಡೆ ಹುಡುಕು.”

“ಹುಡುಕಿದೆ ಮೇಡಂ. ಗುರುತು ಇಲ್ಲದವರನ್ನು ಸೇರಿಸುದಿಲ್ಲ ಅಂತಾರೆ. ಯಾರ ಮಗಳು ಅಂತ ಕೇಳ್ತಾರೆ. ಹೇಳಿದ ಕೂಡ್ಲೆ ಎಲ್ಲಿಯಾದ್ರೂ ಒಂದು ಸಂಬಂಧ ಸಿಗ್ತದೆ.”

ನನಗೆ ನಗು ಬಂತು, ಆದರೆ ನಿಯಮ ಸಡಿಲಿಸಲಿಲ್ಲ. ಕೆಲವು ದಿನಗಳ ನಂತರ ಅವಳೇ ಒಂದು ವಿಷಯ ತಂದಳು: ‘ವಿದೇಶಿ ಸಂಪರ್ಕವಿರುವ ಒಂದು ಸ್ಥಳೀಯ ಸಂಸ್ಥೆ ಮತ್ತು ಅದರ ಭವಿಷ್ಯ’.

“ಅಲ್ಲಿ ನಿನ್ನ ಸಂಬಂಧಿಕರು ಇದ್ದಾರಾ?”

“ಒಬ್ಬರೂ ಇಲ್ಲ ಮೇಡಂ. ಹಾಗಿದ್ದ ಜಾಗ ಅದೊಂದೇ ಉಂಟು.”

ಸಂಸ್ಥೆ ಯಾವುದೆಂದೂ ಕೇಳದೆ ನಾನು ಸಹಿ ಹಾಕಿದೆ. ವರದಿ ಮುಗಿಸಿ ತಂದಾಗಲೂ ತೆರೆದು ನೋಡದೆ ಸಹಿ ಹಾಕಿದೆ. ಆಗ ನಾನು ಐರ್ಲೆಂಡಿನ ಒಂದು ವಿಶ್ವವಿದ್ಯಾಲಯದ ಜತೆಗಿನ ಒಪ್ಪಂದದಲ್ಲಿ ಮುಳುಗಿದ್ದೆ. ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ ಓದು. ಒಪ್ಪಂದ ಆದರೆ ವಿಭಾಗ ಉಳಿಯುತ್ತದೆ, ಇಲ್ಲವಾದರೆ ಅದನ್ನು ಮಾಮೂಲಿ ಎಂಬಿಎಗೆ ಸೇರಿಸಿಬಿಡುತ್ತೇವೆಂದು ಕಾಲೇಜಿನ ಸಂಚಾಲಕರು ಖಡಾಖಂಡಿತವಾಗಿ ಹೇಳಿದ್ದರು. ಐರ್ಲೆಂಡಿನವರಿಗೆ ನಮ್ಮ ಮೇಲೆ ಮನಸ್ಸಾಗಲು ಇದ್ದ ಕಾರಣ ಒಂದೇ. ನಮ್ಮಲ್ಲಿ ಕಲಿತವರಿಗೆಲ್ಲ ಹೊರದೇಶದಲ್ಲಿ ಕೆಲಸ ಸಿಕ್ಕಿತ್ತು. ಶಾರ್ಜಾ, ಮಸ್ಕತ್, ಬಹರೈನ್ ಎಂದು ನಾನು ವೇದಿಕೆಯಲ್ಲಿ ಹೇಳುವಾಗ ನನ್ನ ದನಿಯೇ ಬೇರೆಯಾಗುತ್ತಿತ್ತು.

ಐರ್ಲೆಂಡಿನವರು ಮಾತುಕತೆಗೆ ಬರುವ ಹಿಂದಿನ ದಿನ ಪ್ರಾಜೆಕ್ಟ್ ಪರೀಕ್ಷೆ. ಮಂಗಳೂರಿನಿಂದ ಗಣೇಶಪ್ರಸಾದ್ ಎಂಬ ಪ್ರಾಧ್ಯಾಪಕರು ಪರೀಕ್ಷಕರಾಗಿ ಬಂದಿದ್ದರು. ಫಾಯಿಝಾ ಪರದೆಯ ಮೇಲೆ ಮೊದಲ ಚಿತ್ರ ಹಾಕಿದಳು. ಅದು ನಮ್ಮ ವಿಭಾಗದ ನಾಮಫಲಕ.

“ನಾನು ಅಧ್ಯಯನ ಮಾಡಿದ ಸಂಸ್ಥೆ ಇದು ಸರ್.”

ಗಣೇಶಪ್ರಸಾದರು ಗಹಗಹಿಸಿ ನಕ್ಕರು. ನಾನೂ ನಕ್ಕೆ. ಭಲೇ ಹುಡುಗಿ, ನನ್ನ ನಿಯಮಕ್ಕೇ ನನ್ನನ್ನು ಸಿಕ್ಕಿಸಿದಳು ಎಂದುಕೊಂಡೆ.

ಅವಳು ನಮ್ಮ ಹಳೆಯ ವಿದ್ಯಾರ್ಥಿಗಳಿಗೆಲ್ಲ ಫೋನ್ ಮಾಡಿದ್ದಳು, ಕೆಲವರ ಜತೆ ತುಳುವಿನಲ್ಲಿ, ಕೆಲವರ ಜತೆ ಬ್ಯಾರಿಯಲ್ಲಿ. ಕಾಲೇಜು ಇಂಗ್ಲಿಷಿನಲ್ಲಿ ಕೇಳಿದಾಗ ‘ಎಕ್ಸಲೆಂಟ್’ ಎಂದವರು ಮನೆಮಾತಿನಲ್ಲಿ ಬೇರೆಯೇ ಹೇಳಿದ್ದರು. ನೆರಿಯದ ಶೋಧನ್ ಶಾರ್ಜಾದ ದೊಡ್ಡ ಕಂಪೆನಿಯಲ್ಲಿ ಎಕ್ಸಿಕ್ಯೂಟಿವ್ ಎಂದು ನಾನು ಊರೆಲ್ಲ ಹೇಳಿಕೊಂಡು ಬಂದಿದ್ದೆ. ಅವನು ಕೂರುವುದು ಒಂದು ಹೋಟೆಲಿನ ಗಲ್ಲಾದಲ್ಲಿ. “ನಮಗೆ ಜನ ಬೇಕಂತ ಅಲ್ಲ, ಹೇಳಿದವರ ಮಾತಿಗೆ ನಿನ್ನನ್ನು ತೆಕ್ಕೊಂಡದ್ದು” ಎಂದು ಮಾಲೀಕರು ಮೊದಲ ದಿನವೇ ಅವನಿಗೆ ಹೇಳಿದ್ದರಂತೆ. ಮಸ್ಕತ್ತಿನವರದ್ದೂ ಅದೇ ಕತೆ, ಬಹರೈನಿನವರದ್ದೂ ಅದೇ. ಎಲ್ಲ ಕಡೆಗೂ ಫೋನ್ ಮಾಡಿ ಹೇಳಿದ ಹಿತೈಷಿ ಒಬ್ಬರೇ.

“ಈ ಸಂಸ್ಥೆಯಲ್ಲಿ ಕಲಿತದ್ದಕ್ಕೆ ಹೊರಗೆ ಬೇಡಿಕೆ ಇಲ್ಲ ಸರ್,” ಎಂದಳು ಫಾಯಿಝಾ. “ಬೇಡಿಕೆ ಇರುದು ಆ ಒಬ್ಬರ ಮಾತಿಗೆ. ಅವರು ಹೇಳುದು ನಿಲ್ಲಿಸಿದರೆ ವಿಭಾಗವೂ ನಿಲ್ತದೆ.”

“ಯಾರಮ್ಮ ಅವರು?” ಗಣೇಶಪ್ರಸಾದರು ಈಗ ನಗುತ್ತಿರಲಿಲ್ಲ.

ಫಾಯಿಝಾ ನನ್ನತ್ತ ನೋಡಿದಳು. “ಹೆಸರು ಬೇಡ ಸರ್” ಎಂದು ಕುಳಿತಳು.

ಪರೀಕ್ಷೆ ಮುಗಿದದ್ದೇ ತಡ, ಅವಳನ್ನು ಜಗಲಿಯಲ್ಲಿ ಅಡ್ಡಗಟ್ಟಿದೆ.

“ಯಾರು? ಸಂಚಾಲಕರಾ?”

“ಅಲ್ಲ ಮೇಡಂ.” ಅವಳು ಗಾಬರಿಯಿಂದ ನನ್ನ ಮುಖವನ್ನೇ ನೋಡಿದಳು. “ರಮಾನಾಥಣ್ಣ ಅಲ್ವಾ? ನಿಮ್ಮ ಮನೆಯವರು. ಎಲ್ಲರಿಗೂ ಗೊತ್ತುಂಟು. ವರದಿಗೆ ಸಹಿ ಹಾಕಿದ್ದೀರಿ, ನಿಮಗೂ ಗೊತ್ತುಂಟು ಅಂತ ನಾನು ಗ್ರಹಿಸಿದ್ದು.”

ಎಲ್ಲರಿಗೂ ಗೊತ್ತು! ಹುಡುಗಿ ಅಳುವುದಕ್ಕೆ ಶುರುಮಾಡಿದಳು. ಅವಳನ್ನು ಅಲ್ಲೇ ಬಿಟ್ಟು ಕಾರು ಹತ್ತಿದೆ. ಬಂಟ್ವಾಳದವರೆಗೆ ಹೇಗೆ ಓಡಿಸಿದೆನೋ ದೇವರಿಗೇ ಗೊತ್ತು.

ನನ್ನ ಗಂಡನ ಹೋಟೆಲು ಇರುವುದು ಬಂಟ್ವಾಳ ಪೇಟೆಯಲ್ಲಿ. ಗಲ್ಫಿನ ಅರ್ಧ ಹೋಟೆಲಿನವರು ಅವರ ಗೆಳೆಯರು. ಸಂಜೆಯ ಚಾದ ಹೊತ್ತು, ಗೋಳಿಬಜೆಗೆ ಜನ ಮುತ್ತಿದ್ದರು. ನನ್ನ ಮುಖ ನೋಡಿದ ತಕ್ಷಣ ಅವರಿಗೆ ಅರ್ಥವಾಗಿರಬೇಕು. ನಾನು ಕೇಳಿದ್ದಕ್ಕೆ ಇಲ್ಲ ಎನ್ನಲಿಲ್ಲ.

“ಹೌದು, ಫೋನ್ ಮಾಡಿದ್ದೇನೆ. ಅದರಲ್ಲಿ ಏನುಂಟು ಮಾರಾಯ್ತಿ? ಮಕ್ಕಳಿಗೆ ಕೆಲಸ ಆಯ್ತು. ನಿನಗೆ ಖುಷಿ ಆಯ್ತು.”

“ನಾನು ವೇದಿಕೆಯಲ್ಲಿ ನಿಂತು ಅವರ ಹೆಸರು ಓದಿದೆ. ಜನ ಚಪ್ಪಾಳೆ ಹೊಡೆಯುವಾಗ ನೀವು ಮುಂದಿನ ಸಾಲಿನಲ್ಲೇ ಇದ್ರಿ!”

“ನಾನೂ ಹೊಡೆದೆ. ಎಲ್ಲರಿಗಿಂತ ಜೋರು ಹೊಡೆದೆ.”

ಸಿಟ್ಟು ನೆತ್ತಿಗೇರಿತು. ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಈ ಮನುಷ್ಯ ಪ್ರೀತಿಯಿಂದಲೇ ಮಾಡಿದ್ದಾರೆ, ಅದನ್ನು ನೆನೆದರೆ ಇನ್ನೂ ಉರಿ.

“ನಾಳೆ ಐರ್ಲೆಂಡಿನವರ ಎದುರು ಇದನ್ನೆಲ್ಲ ಹೇಳ್ತೇನೆ,” ಎಂದೆ.

ಅವರ ಮುಖ ಬಿಳಿಚಿತು. “ಹುಚ್ಚಾ ನಿನಗೆ? ಹಾಗೆ ಹೇಳಿದ್ರೆ ನಿನ್ನ ಪೋಸ್ಟೇ ಹೋಗ್ತದೆ. ಅದಕ್ಕೋಸ್ಕರ ಭಾವನ ಹತ್ರ ನಾನು ಎಷ್ಟು ಸಲ—”

ಅಲ್ಲಿಗೆ ನಿಲ್ಲಿಸಿದರು. ಭಾವ ಎಂದರೆ ನಮ್ಮ ಸಂಚಾಲಕರು, ನನ್ನ ಗಂಡನಿಗೆ ಸೋದರಮಾವನ ಮಗ.

“ಎಷ್ಟು ಸಲ ಏನು?”

ಅವರು ಯಾರದೋ ಪಾರ್ಸೆಲ್ ಕಟ್ಟತೊಡಗಿದರು. ನಾನು ಮತ್ತೊಮ್ಮೆ ಕೇಳಿದೆ. ನೂಲು ಸುತ್ತುತ್ತಲೇ ಇದ್ದರು, ನನ್ನತ್ತ ನೋಡಲಿಲ್ಲ.

ನನ್ನ ಸಂದರ್ಶನ ಕಣ್ಣೆದುರು ಬಂತು. ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರಿಸಿ, ಉಳಿದ ಅಭ್ಯರ್ಥಿಗಳನ್ನು ಪಾಪ ಎಂದುಕೊಂಡು ಹೊರಬಂದಿದ್ದೆ. ನಾನು ಒಳಗೆ ಕಾಲಿಡುವ ಮೊದಲೇ ಅವರೆಲ್ಲ ಸೋತಿದ್ದರೇ? ಆ ಕುರ್ಚಿ ನನ್ನ ಯೋಗ್ಯತೆಗೆ ಸಿಕ್ಕಿತೋ ಅಲ್ಲವೋ ಎಂದು ಇನ್ನು ಯಾರನ್ನು ಕೇಳಿದರೆ ತಿಳಿದೀತು? ಹೋಟೆಲಿನ ಬೆಂಚಿನ ಮೇಲೆ ಕುಳಿತುಬಿಟ್ಟೆ. ಯಾರೋ ಚಾ ತಂದಿಟ್ಟರು, ಕುಡಿಯಲಾಗಲಿಲ್ಲ.

ಮರುದಿನ ಸಭೆಯಲ್ಲಿ ನನ್ನ ಭಾಷಣವನ್ನು ಬದಿಗಿಟ್ಟು ಫಾಯಿಝಾಳನ್ನೇ ಮಾತಾಡಲು ಕರೆದೆ. ಐರ್ಲೆಂಡಿನಿಂದ ಬಂದಿದ್ದ ಹೆಂಗಸು ಮೊದಲು ನಗುಮುಖದಿಂದ ಕೇಳುತ್ತಿದ್ದವರು ಆಮೇಲೆ ಪೆನ್ನು ಕೆಳಗಿಟ್ಟರು. ಸಂಚಾಲಕರು ನನ್ನತ್ತ ಕಣ್ಣು ಕೆಂಪಗೆ ಮಾಡಿ ನೋಡುತ್ತಿದ್ದರು. ಅವಳು ಮುಗಿಸಿದ ಮೇಲೆ ನಾನು ಎದ್ದೆ.

“ಹೀಗೆ ಮಾತಿನ ಮೇಲೆ ಕೆಲಸ ಸಿಕ್ಕಿದವರಲ್ಲಿ ಒಬ್ಬರು ಈ ಅಧ್ಯಯನದಲ್ಲಿ ಬಿಟ್ಟುಹೋಗಿದ್ದಾರೆ,” ಎಂದೆ. “ಫಾಯಿಝಾಳಿಗೆ ಅದು ಗೊತ್ತಿರಲಿಲ್ಲ. ನಿನ್ನೆ ಸಂಜೆಯವರೆಗೆ ನನಗೂ ಗೊತ್ತಿರಲಿಲ್ಲ. ಅದು ಈ ವಿಭಾಗದ ಮುಖ್ಯಸ್ಥೆ.”

ಫಾಯಿಝಾ ಬಾಯಿಗೆ ಕೈ ಅಡ್ಡ ಹಿಡಿದಳು.

“ಈ ವಿಭಾಗ ಉಳಿಯುವುದಾದರೆ ಅದು ಇಲ್ಲಿಂದಲೇ ಶುರುವಾಗಲಿ. ನನ್ನ ಹುದ್ದೆಗೆ ಹೊಸದಾಗಿ ಜಾಹೀರಾತು ಕೊಡಿ. ನಮ್ಮಲ್ಲಿ ಯಾರನ್ನೂ ಅರಿಯದ ಹೊರಗಿನವರು ಆರಿಸಲಿ. ನಾನೂ ಅರ್ಜಿ ಹಾಕ್ತೇನೆ.”

ಸಂಚಾಲಕರು ನನ್ನತ್ತ ಬಾಗಿ, ಪರದೇಶದವರಿಗೆ ತಿಳಿಯದ ಹಾಗೆ ತುಳುವಿನಲ್ಲಿ ಮೆಲ್ಲಗೆ ಕೇಳಿದರು: ನಿನಗೆ ಸಿಗದಿದ್ದರೆ?

ಉತ್ತರ ಹೇಳಲು ಬಾಯಿ ತೆರೆದೆ. ಸಿಗುತ್ತದೋ ಇಲ್ಲವೋ ನನಗೆ ನಿಜಕ್ಕೂ ಗೊತ್ತಿರಲಿಲ್ಲ.