ಪೆಟ್ಟಿಗೆಯಲ್ಲಿ ಕೂತವಳು

ಇಜಾಬೆಲ್ ಶವಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗೈ ಊರಿ ನಿಂತುಬಿಟ್ಟಳು.

“ಇವರನ್ನು ಸುಡ್ಲಿಕ್ಕಿಲ್ಲ,” ಎಂದಳು. “ಮಣ್ಣು ಮಾಡ್ಬೇಕು.”

ಚಿತಾಗಾರದಲ್ಲಿ ಅವರಿಗೆ ಸಿಕ್ಕಿದ್ದೇ ಅರ್ಧ ಗಂಟೆ. ಅದರಲ್ಲಿ ಹೆಚ್ಚಿನದು ನರಸಿಂಹಮೂರ್ತಿಯವರ ಮಾತಿಗೇ ಹೋಗಿತ್ತು. ತೀರಿಹೋದ ನೀಲವ್ವ ಈ ಪರದೇಶದಲ್ಲಿ ಹನ್ನೊಂದು ವರ್ಷ ಕ್ವೀನ್ಸ್‌ಬರಿಯ ತಮ್ಮ ಮನೆಯಲ್ಲಿ ಅಡುಗೆ ಮಾಡಿದಳು, ಮಕ್ಕಳನ್ನು ಬೆಳೆಸಿದಳು, ಮನೆಯವಳೇ ಆಗಿದ್ದಳು ಎಂದರು. ಬಾಗಿಲಿಗೆ ಹೊರಗಿನಿಂದ ಬೀಗ ಬೀಳುತ್ತಿದ್ದುದನ್ನು, ಅವಳ ಪಾಸ್‌ಪೋರ್ಟು ತಮ್ಮ ಬೀರುವಿನಲ್ಲಿದ್ದುದನ್ನು ಅವರು ಹೇಳಲಿಲ್ಲ. ಅಲ್ಲಿಂದ ಓಡಿಬಂದ ನೀಲವ್ವ ಇಲ್ಫರ್ಡಿನಲ್ಲಿ ಇಜಾಬೆಲ್ಲಳ ಮನೆಯ ಹಿಂದಿನ ಕೋಣೆಯಲ್ಲಿ ಆರು ವರ್ಷ ಬಾಳಿದಳು; ಇಜಾಬೆಲ್ಲೂ ಅದನ್ನು ಯಾರಿಗೂ ಹೇಳಿರಲಿಲ್ಲ. “ಆ ಮನಿ ಮಾತು ಮಂದಿ ಮುಂದ ತಗೀಬ್ಯಾಡ,” ಎಂದು ಆಣೆ ಮಾಡಿಸಿಕೊಂಡಿದ್ದಳು ನೀಲವ್ವ.

“ಏನಮ್ಮ ಇದು?” ಎಂದರು ಮೂರ್ತಿ. “ಆಸ್ಪತ್ರೆಯ ಹಳೇ ಫೈಲಲ್ಲಿ ಹತ್ತಿರದವರು ಅಂತ ಇನ್ನೂ ಇರೋದು ನಮ್ಮ ಹೆಸರು. ಸೈನ್ ಮಾಡಿರೋನು ನಾನು. ಹಿಂದೂಗಳನ್ನ ಸುಡ್ದೆ ಇನ್ನೇನ್ ಮಾಡ್ತಾರೆ? ನಿಮ್ಮ ಚರ್ಚಿನ ಕ್ರಮ ಇಲ್ಲಿ ಬೇಡ.”

“ನಮ್ಮದಲ್ಲ, ಅವರದ್ದೇ ಕ್ರಮ. ಲಿಂಗ ಕಟ್ಟಿದವರು ಅವರು. ಹನ್ನೊಂದು ವರ್ಷ ಅವರ ಕೈಯ ಊಟ ಮಾಡಿದ್ರಿ, ಕುತ್ತಿಗೆಯಲ್ಲಿ ಎಂತ ಇತ್ತು ಅಂತ ನೋಡ್ಲಿಲ್ವಾ ಮಾರಾಯ್ರೆ?”

ಕೂತಿದ್ದ ಹತ್ತು ಹನ್ನೆರಡು ಮಂದಿ ತಲೆ ತಗ್ಗಿಸಿದರು. ಚಿತಾಗಾರದ ಕರಿ ಕೋಟಿನವನು ಗಡಿಯಾರ ನೋಡಿದ. ಸುಡಲು ಅರ್ಜಿ ಹಾಕಿದವರೇ ಸಹಿ ಮಾಡಿ ಹಿಂದಕ್ಕೆ ಪಡೆಯದೆ ತಾನು ನಿಲ್ಲಿಸುವಂತಿಲ್ಲ, ಇನ್ನು ಆರು ನಿಮಿಷ ಎಂದ.

*

ಮೂರು ವಾರದ ಹಿಂದೆ, ಊರೂರು ತಿರುಗುವ ಪ್ರದರ್ಶನವೊಂದು ಲೈಬ್ರರಿಗೆ ಬಂದಿತ್ತು. ಗುಲಾಮಗಿರಿಯಿಂದ ತಪ್ಪಿಸಿಕೊಂಡವರು ನಡೆದ ದಾರಿಯ ನಕ್ಷೆಗಳು, ತುಕ್ಕು ಹಿಡಿದ ಸಂಕೋಲೆಗಳು, ನಡುವೆ ಒಂದು ಮರದ ಪೆಟ್ಟಿಗೆ. ಅಂಥದರಲ್ಲಿ ಮುದುರಿ ಕೂತು, ಸರಕಿನ ಹಾಗೆ ತನ್ನನ್ನೇ ಸಾಗಿಸಿಕೊಂಡು ಒಬ್ಬಾತ ಬಿಡುಗಡೆಯ ಊರು ಸೇರಿದ್ದನಂತೆ. ಬಂದವರೂ ಕೂತು ನೋಡಬಹುದಿತ್ತು.

ನೀಲವ್ವ ಚಪ್ಪಲಿ ಬಿಟ್ಟು ಒಳಗಿಳಿದಳು. ಚಕ್ಕಳಮಕ್ಕಳ ಹಾಕಿ, ಎಡ ಅಂಗೈಯನ್ನು ಎದೆಯ ಮುಂದೆ ಬಿಚ್ಚಿ ಹಿಡಿದಳು.

“ನೀಲಕ್ಕ, ಬನ್ನಿ. ಹಿಂದೆ ಮಕ್ಕಳು ಕಾಯ್ತಾ ಇದ್ದಾರೆ.”

“ಕಾಯಲಿ ಬಿಡು ಇಜಾಬೆಲ್ಲವ್ವ. ನಮ್ಮ ಕಡೆ ಹಿಂಗ ಕುಂದ್ರಿಸಿ ಮಣ್ಣ ಮಾಡ್ತಾರ, ಕೈಯಾಗ ಲಿಂಗ ಕೊಟ್ಟು. ಇಲ್ಲೆ ಕುಂದ್ರಿಸಾಕ ಆಗದಿದ್ರ ಮಲಗಿಸೇ ಇಡು. ಬೆಂಕಿಗೆ ಮಾತ್ರ ಕೊಡಬ್ಯಾಡ. ಒಲಿ ಮುಂದ ನಿಂತು ನಿಂತು ಸಾಕಾಗೇತಿ.”

ಆಗಲಿ ಎಂದು ನಕ್ಕು ಇಜಾಬೆಲ್ ಫೋಟೊ ತೆಗೆದಿದ್ದಳು.

*

“ನಾಲ್ಕು ನಿಮಿಷ,” ಎಂದ ಕರಿ ಕೋಟಿನವನು.

ಇಜಾಬೆಲ್ ಆ ಫೋಟೊವನ್ನು ಮೂರ್ತಿಯವರ ಮುಂದೆ ಹಿಡಿದಳು. ಅವರು ನೋಡಲಿಲ್ಲ. “ಒಂದ್ ಮಾತೂ ಹೇಳ್ದೆ ಹೋದ್ಲು. ಯಾಕೆ ಹೋದ್ಲೋ ದೇವರಿಗೇ ಗೊತ್ತು,” ಎಂದರು.

ನೀಲವ್ವನಿಗೆ ಇಜಾಬೆಲ್ ಕೊಟ್ಟದ್ದು ಎರಡು ಮಾತು: ಆ ಮನೆಯ ವಿಷಯ ತೆಗೆಯುವುದಿಲ್ಲ, ಬೆಂಕಿಗೆ ಕೊಡುವುದಿಲ್ಲ. ಈಗ ಒಂದು ಉಳಿಯಬೇಕಾದರೆ ಇನ್ನೊಂದು ಹೋಗಬೇಕು. ಇಜಾಬೆಲ್ ಕೂತವರ ಸಾಲುಗಳ ಕಡೆ ತಿರುಗಿದಳು.

“ಎಲ್ಲರೂ ಕೇಳಿ. ಇವರ ಮನೆಯ ಬಾಗಿಲಿಗೆ—”

“ಆ ಬೀಗದ ಕೀ ನನ್ನ ಹತ್ರ ಇರ್ತಿತ್ತು.”

ಎದ್ದು ನಿಂತವರು ಮೂರ್ತಿಯವರ ಹೆಂಡತಿ ಕಲ್ಯಾಣಿ. ಯಾರನ್ನೂ ನೋಡದೆ, ವ್ಯಾನಿಟಿ ಬ್ಯಾಗಿನಿಂದ ಪೆನ್ನು ತೆಗೆದು ಗಂಡನ ಕಡೆ ಚಾಚಿದರು. “ಸೈನ್ ಮಾಡ್ರಿ.”

ಮೂರ್ತಿ ಪೆನ್ನು ತೆಗೆದುಕೊಂಡು, ಅರ್ಜಿ ಹಿಂದಕ್ಕೆ ಪಡೆದಂತೆ ಸಹಿ ಹಾಕಿದರು.

ಪೆಟ್ಟಿಗೆ ತೆರೆದರು. ಆಸ್ಪತ್ರೆಯ ನರ್ಸ್ ಬಿಚ್ಚಿಕೊಟ್ಟಿದ್ದ ಲಿಂಗ ಇಜಾಬೆಲ್ಲಳ ಜಪಮಾಲೆಯ ಚೀಲದಲ್ಲೇ ಇತ್ತು. ಅದನ್ನು ನೀಲವ್ವನ ಎಡ ಅಂಗೈಯಲ್ಲಿಟ್ಟಳು. ಬೆರಳುಗಳು ಮಡಚಿಕೊಳ್ಳಲಿಲ್ಲ. ಜಾರದಂತೆ ತನ್ನ ಕೈಯನ್ನೇ ಮೇಲೆ ಮುಚ್ಚಿ ಹಿಡಿದಳು. ಹೊರಗೆ ಮುಂದಿನವರ ಶವದ ಕಾರು ಬಂದು ನಿಂತು, ಇವರು ಜಾಗ ಬಿಡಲೆಂದು ಕಾಯುತ್ತಿತ್ತು.