ಬೈಗುಳ ಹಾಡಾದದ್ದು

ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಆ ನರ್ಸಿನ ಗಂಟಲೆಂದರೆ ಎಲ್ಲರಿಗೂ ನಡುಕ. "ಸಿಸ್ಟರ್ ಬಂದ್ರು" ಎಂದರೆ ಸಾಕು, ಕದ್ದು ಬೀಡಿ ಸೇದುತ್ತಿದ್ದವರು ಮುಸುಕೆಳೆದು ಗೊರಕೆ ಹೊಡೆಯುತ್ತಿದ್ದರು. ಮನೆಯಲ್ಲಿ ಮಾತ್ರ ಆ ಗಂಟಲಿಗೆ ಕವಡೆ ಕಾಸಿನ ಕಿಮ್ಮತ್ತಿರಲಿಲ್ಲ. ಗಂಡ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಮಾಡುವವನು. ಊರವರ ಹಾಡು ಕೇಳೀ ಕೇಳೀ ಹೆಂಡತಿಯ ಮಾತು ಅವನ ತಲೆಗೆ ಇಳಿಯುತ್ತಿರಲಿಲ್ಲ.

ಒಂದು ಭಾನುವಾರ ವಾಷಿಂಗ್ ಮಷೀನಿನ ಪೈಪು ಕಳಚಿ ಅಡುಗೆಮನೆಯೆಲ್ಲ ಕೆರೆಯಾಯಿತು. ಸರಿಮಾಡಿಸಿ ಎಂದು ಅವಳು ವಾರದಿಂದ ಗೋಗರೆಯುತ್ತಲೇ ಇದ್ದಳು. "ಎಷ್ಟ್ ಸಲ ಹೇಳ್ಬೇಕ್ರೀ ನಿಮ್ಗೆ? ಕಿವಿ ಇದೆಯೋ ಇಲ್ವೋ?" ಎಂದು ಹರಿಹಾಯ್ದಾಗ ಗಂಡ ನೀರು ಬಳಿಯುವುದು ಬಿಟ್ಟು ಮೊಬೈಲು ಹಿಡಿದು ರೆಕಾರ್ಡ್ ಮಾಡಿಕೊಂಡ.

ಆಮೇಲೆ ಒಂದು ದಿನ ಅದನ್ನೇ ಹಾಡು ಮಾಡಿ ಕೇಳಿಸಿದ. ಮಷೀನಿನ ಗಡಗಡವೇ ತಾಳ, ಮೇಲೆ ಬಟ್ಟಲಿಗೆ ಚಮಚ ಬಡಿದ ಸದ್ದು, ನಡುನಡುವೆ ಅವಳ ಬೈಗುಳ.

"ಸುಮ್ನೆ ಒಂದು ಪ್ರಯೋಗ ಕಣೇ. ಇಂಟರ್ನೆಟ್‌ಗೆ ಹಾಕ್ಲಾ?"

"ಹಾಕ್ಕೊಳ್ಳಿ. ಯಾವ ಪುಣ್ಯಾತ್ಮ ಕೇಳ್ತಾನೆ ಇದನ್ನ?" ಎಂದು ಅವಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮೊದಮೊದಲು ಯಾರೂ ಕೇಳಲಿಲ್ಲ. ಆಮೇಲೆ ಯಾರೋ ವಯಸ್ಸಾದ ದಂಪತಿ ಅದಕ್ಕೆ ಕುಣಿದ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಬಸ್ಸಿನಲ್ಲಿ, ಸಲೂನಿನಲ್ಲಿ, ಮದುವೆಮನೆಯಲ್ಲಿ ಅದೇ ಹಾಡು. ಒಂದು ಮ್ಯೂಸಿಕ್ ಕಂಪನಿ ಬಂದು ಗಂಡನಿಂದ ಅದರ ಹಕ್ಕು ಬರೆಸಿಕೊಂಡಿತು. "ನಮ್ಮ ಸೊಸೆದೇ ದನಿ" ಎಂದು ಅತ್ತೆ ಬೀದಿಗೆಲ್ಲ ಸಾರಿದರು. ಸುಳ್ಳೇಕೆ, ಅವಳಿಗೂ ಒಳಗೊಳಗೇ ಕೋಡು ಮೂಡಿತ್ತು.

ಪೇಚಾದದ್ದು ವಾರ್ಡಿನಲ್ಲಿ. ಹೊಟ್ಟೆಯ ಆಪರೇಷನ್ ಆಗಿದ್ದ ಲಾರಿ ಡ್ರೈವರೊಬ್ಬ ಮಂಚ ಇಳಿಯಲು ಹೊರಟ. "ಏಳ್ಬೇಡಿ! ಎಷ್ಟ್ ಸಲ ಹೇಳ್ಬೇಕು?" ಎಂದು ಗದರಿದಳು. ಅಷ್ಟೇ ತಡ, ಇಡೀ ವಾರ್ಡು "ಕಿವಿ ಇದೆಯೋ ಇಲ್ವೋ" ಎಂದು ರಾಗ ಎಳೆಯಿತು. ಡ್ರೈವರ್ ಎದ್ದು ನಿಂತು ಸೊಂಟ ಕುಣಿಸಿದ. ಹೊಲಿಗೆ ಬಿಚ್ಚಿತು. ಅವಳು ಗಾಯ ಒತ್ತಿಹಿಡಿದು "ಡಾಕ್ಟರನ್ನ ಕರೀರಿ!" ಎಂದು ಕಿರುಚಿದರೆ ಚಪ್ಪಾಳೆ ಇನ್ನೂ ಜೋರಾಯಿತು.

ಪುಣ್ಯಕ್ಕೆ ಆತ ಬದುಕಿಕೊಂಡ. ಮೇಟ್ರನ್ ಅವಳನ್ನು ಕರೆದು, "ನಿಮ್ಮ ತಪ್ಪೇನಿಲ್ಲಮ್ಮ. ಆದ್ರೆ ನೀವು ಬಾಯಿ ತೆಗೆದ್ರೆ ವಾರ್ಡು ನಮ್ಮ ಕೈಗೆ ಸಿಗಲ್ಲ" ಎಂದು ನೆಲಮಾಳಿಗೆಯ ಸ್ಟೋರಿಗೆ ಹಾಕಿದರು.

"ಆ ಹಾಡು ತೆಗೆಸಿಬಿಡ್ರೀ," ಎಂದಳು ಗಂಡನಿಗೆ.

"ನನ್ನ ಕೈಲೇನಿದೆ? ಬರ್ಕೊಟ್ಟಾಗಿದೆ. ಇಂಥದ್ದೇ ಇನ್ನೊಂದು ಮಾಡಿ ಅಂತ ಅವ್ರು ಬೆನ್ನು ಬಿದ್ದಿದ್ದಾರೆ."

ಅವಳಿಗೆ ಪಿತ್ತ ನೆತ್ತಿಗೇರಿತು. "ನನ್ನ ವಾರ್ಡೇ ಹೋಯ್ತಲ್ರೀ!" ಎಂದು ಚೀರಿದಳು. ಗಂಡನ ಬೆರಳು ತನ್ನಷ್ಟಕ್ಕೆ ಮೇಜಿನ ಮೇಲೆ ತಾಳ ಹಾಕತೊಡಗಿತು. ಅರಿವಾದೊಡನೆ ಅವನು ಕೈ ಎಳೆದುಕೊಂಡ, ಮುಖ ಸಪ್ಪಗಾಯಿತು. "ತಪ್ಪಾಯ್ತು ಕಣೇ," ಎಂದ, ನಿಜವಾಗಿಯೇ. ಆದರೆ ಅವಳು ಆ ಬೆರಳನ್ನು ನೋಡಿಬಿಟ್ಟಿದ್ದಳು. ನಾಲಿಗೆ ತುದಿಯಲ್ಲಿದ್ದದ್ದನ್ನೆಲ್ಲ ನುಂಗಿಕೊಂಡು ಒಳಗೆ ಹೋದಳು.

ಸ್ಟೋರಿಗೆ ಕಿಟಕಿಯಿಲ್ಲ. ಹತ್ತಿಯ ಮೂಟೆ, ಬಾಟಲಿ, ಟ್ಯೂಬ್‌ಲೈಟು, ಅವಳು. ಮೊನ್ನೆ ಕಾಂಪೌಂಡರ್ ತಪ್ಪು ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದ. ಕೂಗಲೆಂದು ಬಾಯಿ ತೆರೆದಳು, ಮುಚ್ಚಿದಳು. ಏದುಸಿರು ಬಿಡುತ್ತ ಮಹಡಿಯವರೆಗೂ ಅವನ ಹಿಂದೆ ಓಡಿ, ಮೆಲ್ಲಗೆ ಭುಜ ತಟ್ಟಿದಳು.