ಎರಡು ಹನಿ ನೀಲಿ

"ಸುಗುಣಕ್ಕ, ಆಚೆ ಬದಿ ಹಿಡೀರಿ. ಬಿಸಿಲಿಗೆ ಹೋಗುವ," ಎಂದು ಪ್ರೇಮನಾಥ ಕೂಗಿದಾಗ ಸುಗುಣಾಳ ಎದೆ ಧಸಕ್ಕೆಂದಿತು.

ನಾಲ್ಕು ತಿಂಗಳಿಂದ ಈ ಕೂಗು ಕೇಳಿದಾಗಲೆಲ್ಲ ಹೀಗೇ. ಠಾಣೆ ಶಹರದ ನೌಪಾಡಾದ ಹಳೆಯ ಕಟ್ಟಡವೊಂದರ ಮೇಲಂತಸ್ತಿನಲ್ಲಿ ಪ್ರೇಮನಾಥನ ವರ್ಕ್‌ಶಾಪ್. ಬಿಲ್ಡರುಗಳು ಇನ್ನೂ ಕಟ್ಟಿರದ ಟವರುಗಳನ್ನು ಸೊಂಟದೆತ್ತರಕ್ಕೆ ಇಳಿಸಿ, ಮಾಡೆಲ್ ಮಾಡಿಕೊಡುವುದು ಅಲ್ಲಿಯ ಕೆಲಸ. ಗೋಡೆ ಕತ್ತರಿಸಿ ಜೋಡಿಸುವುದು, ಹುಲ್ಲು ಮರ ಅಂಟಿಸುವುದು ಸೈದಪ್ಪನ ಪಾಲಿಗೆ. ಬಣ್ಣ ಸುಗುಣಾಳ ಪಾಲಿಗೆ. ಅಕ್ರಿಲಿಕ್ ಬಣ್ಣಕ್ಕೆ ನೀರು ಬೆರೆಸಿ ಹಾಲಿನಷ್ಟು ತೆಳ್ಳಗೆ ಮಾಡಿ, ಏರ್‌ಬ್ರಷ್ಷಿನ ಪುಟ್ಟ ಬಟ್ಟಲಿಗೆ ಹಾಕಿ, ಗೇಣು ದೂರದಿಂದ ಪದರದ ಮೇಲೆ ಪದರ ಹಾಯಿಸಬೇಕು. ಒಂದು ಹನಿ ಎದ್ದು ಕಾಣಬಾರದು, ಒಂದು ಗೆರೆ ಇಳಿಯಬಾರದು. ಇಪ್ಪತ್ತಮೂರು ವರ್ಷ ಪಳಗಿದ ಕೈ ಅವಳದು. ಟ್ಯೂಬ್‌ಲೈಟಿನ ಕೆಳಗೆ ಬಣ್ಣವನ್ನು ನಂಬಬಾರದು, ಕಿಟಕಿ ಕೂರಿಸುವ ಮೊದಲು ಟವರನ್ನು ತಾರಸಿಗೆ ಒಯ್ದು ಬಿಸಿಲಿಗೆ ಹಿಡಿದು ನೋಡಬೇಕು ಎಂಬ ವಾಡಿಕೆ ಹಾಕಿದವಳೂ ಅವಳೇ. ಆ ವಾಡಿಕೆಯೇ ಈಗ ಅವಳ ಕುತ್ತಿಗೆಗೆ ಬಂದಿತ್ತು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಸುಗುಣಾಳಿಗೆ ಬಿಳಿ ಬಿಳಿಯಾಗಿ ಕಾಣುವುದು ನಿಂತುಹೋಯಿತು. ಅನ್ನ, ಹಾಲು, ಐರೋಲಿಯಲ್ಲಿನ ತನ್ನ ಮನೆಯ ಗೋಡೆ, ಎಲ್ಲಕ್ಕೂ ಯಾರೋ ಅರಸಿನದ ನೀರು ಚಿಮುಕಿಸಿದ ಹಾಗೆ. ಇದು ಕಣ್ಣಿನ ಪೊರೆ ಎಂದು ಹೇಳಲು ಡಾಕ್ಟರೇನೂ ಬೇಕಿರಲಿಲ್ಲ. ಅವಳ ಅಮ್ಮನಿಗೂ ಶುರುವಾದದ್ದು ಹೀಗೆಯೇ. ಊರಿಗೆ ಬಂದ ಕ್ಯಾಂಪಿನಲ್ಲಿ ಆಪರೇಷನ್ ಆಯಿತು, ಐದನೆಯ ದಿನ ಪಟ್ಟಿ ಬಿಚ್ಚಿದವಳು ಸುಗುಣಾಳೇ. ಒಳಗೆ ಕೀವು ತುಂಬಿತ್ತು. ಆ ಕಣ್ಣು ಮತ್ತೆ ಬರಲಿಲ್ಲ. ಆ ವಾಸನೆಯನ್ನು ಅವಳು ಇವತ್ತಿಗೂ ಮರೆತಿಲ್ಲ. ಕಣ್ಣಿಗೆ ಕತ್ತರಿ ಹಾಕಿಸಿಕೊಳ್ಳುವುದಕ್ಕಿಂತ ಸುಮ್ಮನಿರುವುದು ಮೇಲು ಎಂದು ಅವಳು ಯಾರಿಗೂ ಉಸಿರೆತ್ತಲಿಲ್ಲ.

ಉಪಾಯವನ್ನೂ ತಾನೇ ಕಂಡುಕೊಂಡಳು. ಬಿಳಿ ಹಳದಿಯಾಗಿ ಕಂಡರೆ, ಬಟ್ಟಲಿಗೆ ಎರಡು ಹನಿ ನೀಲಿ. ತನ್ನ ಕಣ್ಣಿಗೆ ಬೆಳ್ಳಗಾಗುವವರೆಗೆ ಬೆರೆಸಿ, ಸಂಜೆ ಬಣ್ಣ ಹೊಡೆದು, ಒಣಗಲು ಬಿಟ್ಟು ಮನೆಗೆ ಹೋಗುವುದು. ಮರುದಿನ ತಾರಸಿಯಲ್ಲಿ ಅದು ತುಸು ಹಳದಿಯೆನಿಸಿದರೂ ಬಿಸಿಲಿನ ಬಣ್ಣವೆಂದುಕೊಳ್ಳುತ್ತಿದ್ದಳು; ಪ್ರೇಮನಾಥನ ಕಣ್ಣಿಗೆ ಪ್ರತಿಸಲವೂ ಪಾಸು! ಅದರ ಮೇಲೆ ಸೈದಪ್ಪನ ಅಂಗಿಯೊಂದು ಅವಳಿಗೆ ಧೈರ್ಯ ಕೊಟ್ಟಿತ್ತು. ನವರಾತ್ರಿಗೆ ಅವನು ಬಿಳಿ ಅಂಗಿ ತೊಟ್ಟು ಬಂದಾಗ, "ಎಷ್ಟು ಹಳದಿಯಾಗಿದೆ ಮಾರಾಯ! ಒಗೆಯುವಾಗ ಇದನ್ನು ಹಾಕು," ಎಂದು ಬಟ್ಟೆಗೆ ಹಾಕುವ ನೀಲಿಯ ಬಾಟಲಿಯೊಂದನ್ನು ತಂದುಕೊಟ್ಟಿದ್ದಳು. ವಾರದಿಂದ ವಾರಕ್ಕೆ ಆ ಅಂಗಿ ಬೆಳ್ಳಗಾಗುತ್ತ ಬಂದದ್ದು ಅವಳಿಗೆ ಕಂಡಿತ್ತು. ಅಷ್ಟು ಕಾಣುವ ಕಣ್ಣಿಗೆ ಎಂಥ ಧಾಡಿ?

ಇವತ್ತು ಸೈದಪ್ಪ ಬಂದಿರಲಿಲ್ಲ. ಮುಂಬ್ರಾದ ಹತ್ತಿರ ಲೋಕಲ್ ರೈಲು ನಿಂತುಬಿಟ್ಟಿದೆ ಎಂದು ಫೋನ್ ಮಾಡಿದ್ದ. ಸುಗುಣಾ, ಪ್ರೇಮನಾಥ ಇಬ್ಬರೇ ಟವರನ್ನು ತಾರಸಿಗೆ ಹೊತ್ತು ತಂದರು.

"ಇದೆಂತ ಸುಗುಣಕ್ಕ!" ಪ್ರೇಮನಾಥ ಒಂದು ಹೆಜ್ಜೆ ಹಿಂದೆ ಸರಿದ. "ನೀಲಿ ಹೊಡೀತದಲ್ಲ! ಸ್ವಿಮ್ಮಿಂಗ್ ಪೂಲಿನ ಹಾಗೆ ಉಂಟು."

ಸುಗುಣಾ ನೋಡಿದಳು. ಕಣ್ಣು ಮುಚ್ಚಿ ತೆರೆದು ಮತ್ತೆ ನೋಡಿದಳು. ಟವರು ಬೆಳ್ಳಗೆ ನಿಂತಿತ್ತು. ತಮಾಷೆ ಮಾಡುತ್ತಿದ್ದಾನೆಯೇ ಎಂದು ಅವನ ಮುಖ ನೋಡಿದರೆ, ಅಲ್ಲಿ ನಗುವಿನ ಸುಳಿವೇ ಇಲ್ಲ.

"ಹೌದು... ಒಂಚೂರು," ಎಂದಳು.

"ಒಂಚೂರಾ? ನಾಳೆ ಬೆಳಿಗ್ಗೆ ಘೋಡಬಂದರ್ ರಸ್ತೆಯ ಸೇಲ್ಸ್ ಆಫೀಸಿಗೆ ಮುಟ್ಟಬೇಕು ಇದು. ಈಗಲೇ ಇನ್ನೊಂದು ಕೋಟ್ ಹೊಡೀರಿ. ಮೂರು ಗಂಟೆಗೆ ಪುನಃ ನೋಡುವ."

ಕೆಳಗೆ ಬಂದು ಮೇಜಿನ ಮುಂದೆ ಕೂತವಳಿಗೆ ಕೈಯೇ ಓಡಲಿಲ್ಲ. ಎಷ್ಟು ಹನಿ ಹಾಕುವುದು? ಒಂದಾ? ಒಂದೂ ಬೇಡವಾ? ನಾಲ್ಕು ತಿಂಗಳು ಪಾಸಾದದ್ದು ಇವತ್ತು ಯಾಕೆ ಕೈಕೊಟ್ಟಿತು? ಪ್ರೇಮನಾಥನಿಗೆ ಗೊತ್ತಾದರೆ ನಾಳೆಯಿಂದ ಬರಬೇಡಿ ಎಂದಾನು. ಕಾಣದ ಕಣ್ಣಿಟ್ಟುಕೊಂಡು ಬಣ್ಣದವಳು ಇನ್ನೆಲ್ಲಿ ಕೆಲಸ ಕೇಳುವುದು? ಏರ್‌ಬ್ರಷ್ಷಿಗೆ ಗಾಳಿಯೂಡುವ ಕಂಪ್ರೆಸರ್ ಗುರುಗುಡುತ್ತಲೇ ಇತ್ತು. ಬಟ್ಟಲಲ್ಲಿದ್ದ ಬಣ್ಣ ಬ್ರಷ್ಷಿನ ಸೂಜಿಯ ತುದಿಯಲ್ಲಿ ಒಣಗಿ ಕೂತಿತು.

ಸೈದಪ್ಪ ಏದುಸಿರು ಬಿಡುತ್ತ ಬಂದವನು ಟವರನ್ನು ನೋಡಿ, ಚೀಲವನ್ನೂ ಇಳಿಸದೆ ಸ್ಟೂಲಿನ ಮೇಲೆ ಕುಸಿದ. ಅವಳಿಗಿಂತ ಎರಡೇ ವರ್ಷ ಚಿಕ್ಕವನು.

"ತಪ್ಪಾತ್ರಿ ಅಕ್ಕಾರ," ಎಂದ.

"ನಿಂದೆಂತ ತಪ್ಪು?"

"ದಿನಾ ಎಂಟಕ್ಕ ಬರ್ತಿದ್ದೆ. ನೀವು ಹತ್ತಕ್ಕ ಬರೂದ್ರಾಗ ನಿಮ್ಮ ಬಣ್ಣದ ಮ್ಯಾಲ ಒಂದ್ ಕೋಟ್ ಬಿಳೇದು ಹೊಡದು ಒಣಗಿಸಿ ಇಡ್ತಿದ್ದೆ. ಇವತ್ತ ಗಾಡಿ ನಿಂತುಬಿಡ್ತು."

ಅವಳಿಗೆ ಮೊದಲು ಬಂದದ್ದು ಸಿಟ್ಟು. ತನ್ನ ಕೆಲಸದ ಮೇಲೆ ಇನ್ನೊಬ್ಬನ ಕೈ! ಆಮೇಲೆ ಲೆಕ್ಕ ಹತ್ತಿತು. ಬಿಸಿಲಿನಲ್ಲಿ ಪಾಸಾದ ಒಂದು ಟವರೂ ತನ್ನದಲ್ಲ. ನಾಲ್ಕು ತಿಂಗಳಿಂದ ಅವಳ ಕಣ್ಣು ಪ್ರತಿದಿನವೂ ಫೇಲಾಗಿತ್ತು.

"ಹೇಳ್ಬಾರ್ದಿತ್ತಾ?"

"ಹ್ಯಾಂಗ ಹೇಳ್ಲಿ? ನಿಮ್ಮವ್ವನ ಕಣ್ಣಿನ ಸುದ್ದಿ ನೀವೇ ಹೇಳೀರಿ. ಬಾಯಿ ಬಿಟ್ರ ನೀವು ಅಂಜತೀರಿ, ಬಿಟ್ಟಿಲ್ಲಂದ್ರ ನಾ ಅಂಜತೀನಿ." ಅವನು ಬಟ್ಟಲು ತೊಳೆದು ತಂದ. "ಕೊಡ್ರಿ, ನಾ ಕಲಸ್ತೀನಿ. ನೀವು ಹೊಡೀರಿ. ನಿಮ್ಮ ಕೈ ನನಗ ಬರಂಗಿಲ್ಲ."

ಮೂರು ಗಂಟೆಯ ಬಿಸಿಲಿನಲ್ಲಿ ಪ್ರೇಮನಾಥ ಟವರಿನ ಸುತ್ತ ಒಂದು ಸುತ್ತು ಬಂದು, "ಹಾಂ, ಇದು ಬಿಳಿ," ಎಂದು ಇಳಿದುಹೋದ. ಸುಗುಣಾ ಅಲ್ಲೇ ನಿಂತಳು. ಅವಳ ಕಣ್ಣಿಗೆ ಟವರು ಹೊಗೆ ಹಿಡಿದ ಅಡುಗೆಮನೆಯ ಗೋಡೆಯ ಹಾಗಿತ್ತು. ಭಯದಲ್ಲಿ ಅವಳು ಸುತ್ತಲೂ ಹುಡುಕಿದಳು. ಬೆಳ್ಳಗೆ ಕಂಡದ್ದು ಒಂದೇ, ಸೈದಪ್ಪನ ಅಂಗಿ.

"ಸೈದಪ್ಪ, ಇದು ನಂಗೆ ಹಳದಿ ಕಾಣ್ತದೆ. ಆದ್ರೆ ನಿನ್ನ ಅಂಗಿ ಬೆಳ್ಳಗೇ ಕಾಣ್ತದೆ ನೋಡು. ಪೂರ್ತಿ ಹಾಳಾಗ್ಲಿಲ್ಲ, ಅಲ್ವಾ?"

ಸೈದಪ್ಪ ತನ್ನ ಅಂಗಿ ನೋಡಿಕೊಂಡ.

"ತಂದ ದಿನ ಬೆಳ್ಳಗಿತ್ರಿ ಅಕ್ಕಾರ. ಹೊಸಾದು ಅದು. ನೀವು ಕೊಟ್ಟ ಬಾಟ್ಲಿ ಒಗದಾಗೊಮ್ಮೆ ಹಾಕ್ಲತ್ತೀನಿ. ಈಗ ಪೂರಾ ನೀಲಿ ಆಗ್ಯಾದ. ಮನ್ಯಾಗ ಹೆಂಡ್ತಿ ಕಾಂಚನಾ ನಗತಾಳ."

ಸುಗುಣಾ ಕೈಚಾಚಿ ಅವನ ತೋಳಿನ ಬಟ್ಟೆ ಹಿಡಿದಳು. ಕಣ್ಣಿನ ಹತ್ತಿರಕ್ಕೆ ಎಳೆದು, ಬಿಸಿಲಿಗೆ ಹೊರಳಿಸಿ, ಟವರಿನ ಗೋಡೆಯ ಪಕ್ಕಕ್ಕೆ ಹಿಡಿದು ನೋಡಿದಳು. ಎಲ್ಲೂ ನೀಲಿ ಕಾಣಲಿಲ್ಲ.

"ನಾಳೆ ಆಸ್ಪತ್ರೆಗೆ ಬರ್ತೀಯಾ ನನ್ನ ಜೊತೆ? ಒಳಗಿನವರೆಗೂ ಬರ್ಬೇಕು."

"ಬರ್ತೀನ್ರಿ."

ಅವನು ಟವರಿನ ಒಂದು ಬದಿ ತಬ್ಬಿಕೊಂಡು ಮೆಟ್ಟಿಲಿನ ಕಡೆ ತಿರುಗಿದ, ಅವಳು ಒಂದು ಕೈಯಲ್ಲಿ ಆಚೆ ಬದಿ ಹಿಡಿದಳು. ಇನ್ನೊಂದು ಕೈ ಅವನ ತೋಳು ಬಿಡಲಿಲ್ಲ. ಇಳಿಯುವಷ್ಟು ಹೊತ್ತೂ ಅವಳ ಮುಷ್ಟಿಯೊಳಗೆ ಆ ಬಟ್ಟೆ ಹಾಲಿನಷ್ಟು ಬೆಳ್ಳಗೆ ಕಾಣುತ್ತಲೇ ಇತ್ತು.